ಸ್ಟಾರ್ಟರ್ ಪಾಯಿಂಟಿನ ಬೆಳ್ಳಿ, ಆಮೇಲಿನ ನೀಲಿ ನೀರು

ಹಳೇ ಮೊಬೈಲಿನಿಂದ ಚಿನ್ನ ತೆಗೆಯುವ ವಿಡಿಯೋ ಯಾರ ಕಣ್ಣಿಗೆ ಬಿದ್ದರೂ ಸಂಜೆಯೊಳಗೆ ಅದು ನನ್ನ ವಾಟ್ಸಾಪ್‌ಗೆ ಬಂದಿರುತ್ತದೆ. ಕೊಡಗಿನ ಸಿದ್ದಾಪುರದ ಸುತ್ತಮುತ್ತ ಪಂಪ್‌ಸೆಟ್ ರಿಪೇರಿ, ಮೋಟಾರ್ ವೈಂಡಿಂಗ್ ಮಾಡಿಕೊಂಡಿರುವವನು ನಾನು. ಗುಜರಿಯಿಂದ ಬೆಳ್ಳಿ ತೆಗೆಯುವ ಹುಚ್ಚು ಇದೆ ಅಂತ ಗಿರಾಕಿಗಳಿಗೆಲ್ಲ ಗೊತ್ತು. "ಇದನ್ನೂ ಒಮ್ಮೆ ಮಾಡಿ ನೋಡು ಮಾರಾಯ" ಅಂತ ಕಳಿಸುತ್ತಾರೆ.

ಚಿನ್ನದ ತಂಟೆಗೆ ನಾನು ಹೋಗುವುದಿಲ್ಲ. ಮೊಬೈಲ್ ಬೋರ್ಡಿನಲ್ಲಿ ಇರುವುದು ಉಗುರಲ್ಲಿ ಕೆರೆದರೂ ಸಿಗದಷ್ಟು ತೆಳು ಲೇಪ. ವಿಡಿಯೋದಲ್ಲಿ ತೋರಿಸುವ ಗುಂಡು ಬರಬೇಕಾದರೆ ಮೂಟೆಗಟ್ಟಲೆ ಬೋರ್ಡ್ ಬೇಕು, ಬಕೆಟ್‌ಗಟ್ಟಲೆ ಆಸಿಡ್ ಬೇಕು. ಬೆಳ್ಳಿ ಮಾತ್ರ ನನ್ನ ಕಸುಬಿನ ಒಳಗೇ ಇದೆ. ದಿನಾ ಬಿಚ್ಚುವ, ಪಂಪಿನ ಮೋಟಾರ್ ಚಾಲೂ ಮಾಡುವ ಸ್ಟಾರ್ಟರ್ ಡಬ್ಬದಲ್ಲಿ ಇದೆ.

ಫೆಬ್ರವರಿ ಬಂತೆಂದರೆ ರೋಬಸ್ಟಾ ಕಾಫಿ ತೋಟದವರಿಗೆ ನಿದ್ದೆ ಇಲ್ಲ. ಹೂ ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸಬೇಕು. ಹೂ ಬಿಟ್ಟು ಸ್ವಲ್ಪ ದಿನಕ್ಕೆ ಬ್ಯಾಕಿಂಗ್ ಅಂತ ಇನ್ನೊಂದು ಸಲ ನೀರು ಕೊಡಬೇಕು. ಹೊಳೆಯಲ್ಲಿ, ಕೆರೆಯಲ್ಲಿ ಇರುವ ಮೋಟಾರುಗಳೆಲ್ಲ ಒಟ್ಟಿಗೇ ಓಡುತ್ತವೆ. ವೋಲ್ಟೇಜ್ ದಬಕ್ಕನೆ ಇಳಿಯುತ್ತದೆ. ಸ್ಟಾರ್ಟರಿನ ಒಳಗೆ ಕರೆಂಟ್ ಕೊಟ್ಟು ಕಡಿಯುವ ಸ್ವಿಚ್ಚಿಗೆ ಕಾಂಟ್ಯಾಕ್ಟರ್ ಅಂತ ಹೆಸರು. ಆಗ ಅದರ ಕಾಯಿಲ್‌ಗೆ ಗಟ್ಟಿಯಾಗಿ ಎಳೆದು ಹಿಡಿಯಲು ತ್ರಾಣ ಸಾಲದು. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಗರ್ರ್ ಅಂತ ಬಡಿದುಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಒಳಗೆ ಕಿಡಿ. ಒಂದಕ್ಕೊಂದು ತಾಗಿ ಕರೆಂಟ್ ದಾಟಿಸುವ ಪಾಯಿಂಟ್ ಸುಟ್ಟು, ಗುಳಿ ಬಿದ್ದು, ಕೆಲವೊಮ್ಮೆ ಒಂದಕ್ಕೊಂದು ಬೆಸೆದುಕೊಂಡು ಬಿಡುತ್ತದೆ. ಮೂರು ಫೇಸಲ್ಲಿ ಒಂದು ಹೋದರೆ ಮೋಟಾರ್ ಕೂಡ ಅದರ ಹಿಂದೆಯೇ ಹೋಗುತ್ತದೆ. ರಾತ್ರಿ ಎರಡು ಗಂಟೆಗೂ ಫೋನ್ ಬರುವ ಕಾಲ ಅದು.

ಆ ಪಾಯಿಂಟೇ ಬೆಳ್ಳಿ. ಒಂದು ಕಾಂಟ್ಯಾಕ್ಟರ್ ಬಿಚ್ಚಿದರೆ ಒಂದೊಂದು ಫೇಸಿಗೆ ನಾಲ್ಕು ಪಾಯಿಂಟ್ ಸಿಗುತ್ತದೆ: ಕದಲದ ಪಟ್ಟಿಯಲ್ಲಿ ಎರಡು, ಮೇಲೆ ಕೆಳಗೆ ಓಡಾಡುವ ಸೇತುವೆಯಲ್ಲಿ ಎರಡು. ಮೂರು ಫೇಸಿಗೆ 12. ದೊಡ್ಡ ಮೋಟಾರಿಗೆ ಹಾಕುವ ಸ್ಟಾರ್ ಡೆಲ್ಟಾ ಸ್ಟಾರ್ಟರಲ್ಲಿ ಮೂರು ಕಾಂಟ್ಯಾಕ್ಟರ್ ಇರುತ್ತದಲ್ವಾ, ಅಲ್ಲಿಗೆ 36. ಸಣ್ಣ ಮೋಟಾರಿನದ್ದು ಒಂದು ಗ್ರಾಂ ಕೂಡ ಇರುವುದಿಲ್ಲ. ದೊಡ್ಡ ಪಂಪಿನದ್ದು ಕೈಗೆ ಭಾರ ಗೊತ್ತಾಗುತ್ತದೆ. ಹಳೇ ಕಾಲದ ಆಯಿಲ್ ಸ್ಟಾರ್ಟರ್ ತಂದು "ಇದರಲ್ಲಿ ಎಷ್ಟಿದೆ ಬೆಳ್ಳಿ?" ಅಂತ ಕೇಳುವವರಿದ್ದಾರೆ. ಎಣ್ಣೆಯಲ್ಲಿ ಮುಳುಗಿರುವ ಅವುಗಳಲ್ಲಿ ದಪ್ಪ ದಪ್ಪ ತಾಮ್ರದ ಪಾಯಿಂಟೇ ಜಾಸ್ತಿ.

ಇಷ್ಟು ದುಬಾರಿ ಲೋಹ ಯಾಕೆ ಹಾಕುತ್ತಾರೆ? ಎಲ್ಲ ಲೋಹಗಳಲ್ಲಿ ಕರೆಂಟನ್ನು ಚೆನ್ನಾಗಿ ಬಿಡುವುದು ಬೆಳ್ಳಿಯೇ. ತಾಮ್ರ ಎರಡನೆಯದು. ಆದರೆ ಬಿಸಿಯಾದ ತಾಮ್ರದ ಮೇಲೆ ಕರೆಂಟ್ ಬಿಡದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಬೆಳ್ಳಿಗೆ ಆ ರೋಗ ಇಲ್ಲ. ಅದಕ್ಕೇ ಒಂದು ಮಾತು, ಬೆಳ್ಳಿ ವಿಷಯಕ್ಕೆ ಸಂಬಂಧ ಇಲ್ಲದಿದ್ದರೂ ಹೇಳಿಬಿಡುತ್ತೇನೆ. ಪಾಯಿಂಟ್ ಕಪ್ಪಾಯಿತು ಅಂತ ಎಮರಿ ಪೇಪರ್ ಹಾಕಿ ಉಜ್ಜಬೇಡಿ. ಕಪ್ಪಾಗಿದ್ದರೂ ಅದು ಕೆಲಸ ಮಾಡುತ್ತದೆ. ಉಜ್ಜಿದರೆ ನೀವು ದುಡ್ಡು ಕೊಟ್ಟ ಬೆಳ್ಳಿ ಪುಡಿಯಾಗಿ ಗಾಳಿಗೆ ಹೋಗುತ್ತದೆ, ಮೇಲ್ಮೈ ಒರಟಾಗಿ ಇನ್ನೂ ಬೇಗ ಸುಡುತ್ತದೆ. ತೋಟದ ಉಸ್ತುವಾರಿ ನೋಡುವ ರೈಟರ್‌ಗಳಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

ಬರೀ ಬೆಳ್ಳಿ ಹಾಕಿದರೆ ಕಿಡಿಯ ಬಿಸಿಗೆ ಬೆಸೆದುಕೊಳ್ಳುತ್ತದೆ. ಹಾಗಾಗಿ ಏನಾದರೂ ಬೆರೆಸಿರುತ್ತಾರೆ. ಬಹಳ ವರ್ಷ ಬೆರೆಸುತ್ತಿದ್ದದ್ದು ವಿಷದ ಲೋಹವಾದ ಕ್ಯಾಡ್ಮಿಯಂನ ಆಕ್ಸೈಡ್, ನೂರಕ್ಕೆ 10ರಿಂದ 15 ಪಾಲು. ಉಳಿದದ್ದು ಬೆಳ್ಳಿ. ಸಣ್ಣ ರಿಲೇಗಳಲ್ಲಿ ನಿಕ್ಕಲ್ ಬೆರೆಸಿದ್ದು ಬರುತ್ತದೆ. ಈಗೀಗ ಟಿನ್ ಆಕ್ಸೈಡ್ ಬೆರೆಸಿದ್ದು ಜಾಸ್ತಿ. ಮನೆಯ ಮೀಟರ್ ಬೋರ್ಡಿನಲ್ಲಿ ತಾನಾಗಿ ಬೀಳುವ ಎಂಸಿಬಿ ಸ್ವಿಚ್ ಒಡೆದರೆ ಗ್ರಾಫೈಟ್ ಅಥವಾ ಟಂಗ್‌ಸ್ಟನ್ ಬೆರೆಸಿದ ಪಾಯಿಂಟ್ ಸಿಗುತ್ತದೆ. ಯುರೋಪಿನಲ್ಲಿ 2006ರಿಂದ ಎಲೆಕ್ಟ್ರಾನಿಕ್ ಸಾಮಾನಿನ ಕ್ಯಾಡ್ಮಿಯಂಗೆ ಕಡಿವಾಣ ಬಿತ್ತು, ಆದರೆ ಕಾಂಟ್ಯಾಕ್ಟ್ ಪಾಯಿಂಟಿಗೆ ವಿನಾಯಿತಿ ಕೊಟ್ಟರು. ನಮ್ಮ ತೋಟದ ಶೆಡ್‌ಗಳಲ್ಲಿರುವ ಸ್ಟಾರ್ಟರ್‌ಗಳೋ ಅದಕ್ಕಿಂತ ಹಿಂದಿನವು. ನನ್ನ ಡಬ್ಬಕ್ಕೆ ಬೀಳುವ ಹಳೇ ಪಾಯಿಂಟ್ ಎಲ್ಲವನ್ನೂ ಕ್ಯಾಡ್ಮಿಯಂ ಇದೆ ಅಂತಲೇ ಲೆಕ್ಕ ಹಿಡಿಯುತ್ತೇನೆ.

ವಿಂಗಡಿಸುವ ಕೆಲಸ ಮಳೆಗಾಲದ್ದು. ಜೂನ್‌ನಿಂದ ಆಗಸ್ಟ್‌ವರೆಗೆ ನನಗೆ ಹೊರಗೆ ಕೆಲಸ ಕಡಿಮೆ. ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಶೆಡ್ಡಿನಲ್ಲಿ ಕೂತು ಕಟಿಂಗ್ ಪ್ಲೇಯರ್, ಸಣ್ಣ ಉಳಿ, ಹಳೇ ಸ್ಪೀಕರಿನ ಮ್ಯಾಗ್ನೆಟ್ ಇಟ್ಟುಕೊಂಡು ಶುರು ಮಾಡುತ್ತೇನೆ. ನಿಕ್ಕಲ್ ಇರುವ ಪಾಯಿಂಟ್ ಜೋರಾದ ಮ್ಯಾಗ್ನೆಟ್‌ಗೆ ಸ್ವಲ್ಪ ಎಳೆದುಕೊಳ್ಳುತ್ತದೆ, ಅದು ಒಂದು ಡಬ್ಬಕ್ಕೆ. ಎಂಸಿಬಿಯದ್ದು ಇನ್ನೊಂದಕ್ಕೆ. ಉಳಿದದ್ದು ದೊಡ್ಡ ಬಾಟಲಿಗೆ.

ಪಾಯಿಂಟನ್ನು ತಾಮ್ರದ ಪಟ್ಟಿಯಿಂದ ಬಿಡಿಸುವುದೇ ಬೇಜಾರಿನ ಕೆಲಸ. ಗ್ಯಾಸ್ ಟಾರ್ಚ್ ಹಿಡಿದರೆ ಬೆಸುಗೆ ಕರಗಿ ತಟ್ಟನೆ ಬೀಳುತ್ತದೆ, ನಿಜ. ಆದರೆ ಕ್ಯಾಡ್ಮಿಯಂ ಕುದಿಯುವುದು 767 ಡಿಗ್ರಿಗೆ, ಬೆಳ್ಳಿ ಕರಗುವುದು 962ಕ್ಕೆ. ಟಾರ್ಚಿನ ಉರಿ ಈ ಎರಡನ್ನೂ ದಾಟಿರುತ್ತದೆ. ಹಳೇ ಬೆಸುಗೆಯಲ್ಲೂ ಕ್ಯಾಡ್ಮಿಯಂ ಇರುವುದುಂಟು. ಆ ಹೊಗೆ ಎಳೆದುಕೊಂಡವರಿಗೆ ಮೊದಲು ಬರೀ ಶೀತ ಜ್ವರ ಅನಿಸುತ್ತದೆ, ಆಮೇಲೆ ಶ್ವಾಸಕೋಶವೇ ಕೆಡುತ್ತದೆ. ಹಾಗಾಗಿ ನಾನು ಉರಿ ಮುಟ್ಟಿಸುವುದಿಲ್ಲ. ರಿವೆಟ್ ಮಾಡಿದ್ದನ್ನು ಪಂಚ್ ಇಟ್ಟು ಹೊಡೆಯುತ್ತೇನೆ. ಬೆಸುಗೆ ಹಾಕಿದ್ದನ್ನು ಉಳಿಯಲ್ಲಿ ಎಬ್ಬಿಸುತ್ತೇನೆ, ಆಗದಿದ್ದರೆ ಅಂಚಿಗೆ ಸರಿಯಾಗಿ ಕತ್ತರಿಸುತ್ತೇನೆ.

ಪಟ್ಟಿ ಸಮೇತ ಆಸಿಡ್‌ಗೆ ಹಾಕಿದರೆ ಏನಾಗುತ್ತದೆ ಅಂತ ಕೇಳಬಹುದು. ಲೆಕ್ಕ ನೋಡಿ. ಒಂದು ಗ್ರಾಂ ಬೆಳ್ಳಿ ಕರಗಿಸಲು ಮುಕ್ಕಾಲು ಗ್ರಾಂಗಿಂತ ಸ್ವಲ್ಪ ಜಾಸ್ತಿ ನೈಟ್ರಿಕ್ ಆಸಿಡ್ ಬೇಕು, ನೀರು ಬೆರೆಸಿ ನಿಧಾನಕ್ಕೆ ಮಾಡಿದರೆ. ಅದೇ ಒಂದು ಗ್ರಾಂ ತಾಮ್ರಕ್ಕೆ ಎರಡೂವರೆ ಗ್ರಾಂ ದಾಟುತ್ತದೆ. ಬೆಳ್ಳಿಯ ಮೂರರಷ್ಟಕ್ಕಿಂತಲೂ ಹೆಚ್ಚು ಆಸಿಡ್ ತಿಂದು, ಅಷ್ಟೇ ಜಾಸ್ತಿ ಹೊಗೆ ಬಿಟ್ಟು, ಅಷ್ಟೇ ಜಾಸ್ತಿ ನೀಲಿ ನೀರನ್ನು ನಮ್ಮ ತಲೆಗೆ ಕಟ್ಟುತ್ತದೆ. ಮಳೆಗಾಲದಲ್ಲಿ ಉಳಿ ಹಿಡಿದು ಕೂತರೆ ಬೇಸಿಗೆಯಲ್ಲಿ ಅಷ್ಟು ಕಷ್ಟ ತಪ್ಪುತ್ತದೆ.

ಬೇರೆ ಸಾಮಾನುಗಳಲ್ಲೂ ಬೆಳ್ಳಿ ಇದೆ. ಕಂಪ್ಯೂಟರ್ ಕೀಬೋರ್ಡ್ ಒಳಗಿನ ಪ್ಲಾಸ್ಟಿಕ್ ಹಾಳೆಯ ಬೂದು ಗೆರೆಗಳು ಬೆಳ್ಳಿ ಶಾಯಿ. ಹಳೇ ರೇಡಿಯೋದ ಮೈಕಾ ಕೆಪ್ಯಾಸಿಟರ್‌ನಲ್ಲಿ ಇದೆ. ಸೋಲಾರ್ ಪ್ಯಾನೆಲ್ ಮೇಲೆ ಕಾಣುವ ಸಣ್ಣ ಬಿಳಿ ಗೆರೆಯೂ ಬೆಳ್ಳಿಯೇ. ಆನೆ ಬೇಲಿಗೆ ಹಾಕಿದ ಪ್ಯಾನೆಲ್ಲನ್ನು ಆನೆಯೇ ತುಳಿದು ಹೋದ ಮೇಲೆ ನನ್ನ ಬಳಿ ತಂದವರಿದ್ದಾರೆ. ಗಾಜು, ಪ್ಲಾಸ್ಟಿಕ್, ಸಿಲಿಕಾನ್ ಎಲ್ಲ ಒಂದಕ್ಕೊಂದು ಅಂಟಿಕೊಂಡಿರುವ ಅದನ್ನು ಮನೆಯಲ್ಲಿ ಬಿಡಿಸುವ ಮರ್ಯಾದೆಯ ದಾರಿ ಇಲ್ಲ. ಸುಟ್ಟರೆ ಆಗುತ್ತದೆ ಅನ್ನುತ್ತಾರೆ. ಸುಡುವ ಮಾತೇ ಬೇಡ. ಟಿವಿ ಬೋರ್ಡ್, ಡಿಶ್ ಬಾಕ್ಸ್ ಎಲ್ಲ ತವರದ ಬೆಸುಗೆಯಿಂದ ತುಂಬಿರುತ್ತದೆ. ತವರ ನೈಟ್ರಿಕ್‌ಗೆ ಬಿದ್ದರೆ ಕರಗುವ ಬದಲು ಬಿಳಿ ಲೋಳೆಯಾಗುತ್ತದೆ, ಯಾವ ಫಿಲ್ಟರ್ ಪೇಪರಲ್ಲೂ ಇಳಿಯುವುದಿಲ್ಲ. ಪಾಯಿಂಟ್ ಬಿಟ್ಟರೆ ಬೇರೇನನ್ನೂ ನಾನು ಮುಟ್ಟುವುದಿಲ್ಲ.

ಕಾನೂನಿನ ಮಾತನ್ನೂ ಹೇಳಬೇಕು. ಇ-ತ್ಯಾಜ್ಯಕ್ಕೆ 2022ರ ನಿಯಮಗಳಿವೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅಂಗಡಿ ಹಾಕಿಕೊಂಡು ಊರಿನ ಗುಜರಿ ಎಲ್ಲ ಕೊಂಡು ಲೋಹ ತೆಗೆದು ಮಾರುವುದು ನೋಂದಣಿ ಬೇಕಾದ ಉದ್ಯಮ. ನಾನು ಕೊಳ್ಳುವುದಿಲ್ಲ, ರಿಪೇರಿಯಲ್ಲಿ ನನ್ನ ಕೈಯಿಂದ ಬಿಚ್ಚಿದ ಪಾಯಿಂಟಿನಷ್ಟಕ್ಕೇ ನಿಲ್ಲಿಸುತ್ತೇನೆ. ಆಸಿಡ್ ಸಿಗುವುದೂ ಸುಲಭ ಅಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಆಸಿಡ್ ಮಾರಾಟಕ್ಕೆ ಕಟ್ಟುನಿಟ್ಟು ಮಾಡಿದ ಮೇಲೆ ಗುರುತಿನ ಚೀಟಿ ತೋರಿಸಬೇಕು, ಯಾಕೆ ಬೇಕು ಅಂತ ಹೇಳಬೇಕು, ಅಂಗಡಿಯವರು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಒಳ್ಳೆಯದೇ ಆಯಿತು. ನಾನು ಒಂದೇ ಬಾಟಲಿ ತರುತ್ತೇನೆ, ಬೀಗ ಹಾಕಿ ಇಡುತ್ತೇನೆ. ಕಾಫಿ ಸಿಪ್ಪೆ, ಮರದ ಪುಡಿ ಇರುವ ಕಡೆಯಂತೂ ಇಡುವುದಿಲ್ಲ. ಗಟ್ಟಿ ನೈಟ್ರಿಕ್ ಹೊಟ್ಟಿನ ಮೇಲೆ ಚೆಲ್ಲಿದರೆ ಬೆಂಕಿಯೇ ಹೊತ್ತಿಕೊಳ್ಳಬಹುದು.

ಕರಗಿಸುವುದು ಏಪ್ರಿಲ್, ಮೇ ತಿಂಗಳಲ್ಲಿ. ಸ್ಪ್ರಿಂಕ್ಲರ್ ಗಲಾಟೆ ಮುಗಿದಿರುತ್ತದೆ. ಕಣದಲ್ಲಿ ಕಾಫಿ ಇರುವುದಿಲ್ಲ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು, ಹಾಗಾಗಿ ಬೆಳಿಗ್ಗೆಯೇ ಶುರು. ಎರಡನೇ ಜೋಡಿ ಕಣ್ಣಾಗಿ ನಮ್ಮ ಪಕ್ಕದ ಮನೆಯ ಮೇಷ್ಟ್ರು ಇರುತ್ತಾರೆ. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿ ರಿಟೈರ್ ಆದವರು. ನಾನು ಓದಿದ್ದು ಐಟಿಐ ಎಲೆಕ್ಟ್ರಿಷಿಯನ್. ನನಗೆ ಗೊತ್ತಿರುವ ಕೆಮಿಸ್ಟ್ರಿ ಎಲ್ಲ ಅವರ ಜಗಲಿಯಲ್ಲಿ ಕಲಿತದ್ದು. ಅವರು ಕುರ್ಚಿ ಹಾಕಿಕೊಂಡು ಗಾಳಿ ಬರುವ ಕಡೆ ಕೂರುತ್ತಾರೆ, ನಾನು ಎಲ್ಲಿ ನಿಲ್ಲಬೇಕು ಅಂತ ಬೆತ್ತದಲ್ಲಿ ತೋರಿಸುತ್ತಾರೆ.

ಗಾಜಿನ ಬೀಕರಿಗೆ ಮೊದಲು ನೀರು, ಆಮೇಲೆ ಅಷ್ಟೇ ಅಳತೆಯ ಆಸಿಡ್ಡನ್ನು ನಿಧಾನಕ್ಕೆ. ಬೀಕರನ್ನು ಬಿಸಿ ಮರಳಿನ ತಟ್ಟೆಯಲ್ಲಿ ಇಟ್ಟು ಪಾಯಿಂಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತೇನೆ. ಮೊದಲು ಸಣ್ಣ ಗುಳ್ಳೆ. ಆಮೇಲೆ ಬೀಕರಿನ ಬಾಯಲ್ಲಿ ಕೆಂಪು ಕಂದು ಹೊಗೆ. ಬಿಡುವಾಗ ಬಣ್ಣವಿಲ್ಲದ ಗ್ಯಾಸು, ಗಾಳಿ ತಾಗಿದ ಕೂಡಲೇ ನೈಟ್ರೋಜನ್ ಡೈಆಕ್ಸೈಡ್ ಆಗಿ ಬಣ್ಣ ತಿರುಗುತ್ತದೆ. ಗಾಳಿಗಿಂತ ಭಾರ, ಕೆಳಗೆ ಹರಡುತ್ತದೆ. ಕೊರೋನಾ ಕಾಲದ ಎನ್95 ಮಾಸ್ಕ್ ಇದಕ್ಕೆ ಏನೂ ಮಾಡುವುದಿಲ್ಲ, ಅದು ಧೂಳಿಗೆ. ಕೆಟ್ಟ ವಿಷಯ ಏನೆಂದರೆ ಉಸಿರಾಡಿದಾಗ ಸ್ವಲ್ಪ ಕೆಮ್ಮು ಬಂದು ಹೋಗುತ್ತದೆ, ಎಷ್ಟೋ ಗಂಟೆ ಬಿಟ್ಟು ರಾತ್ರಿ ಮಲಗಿದಾಗ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಅದಕ್ಕೇ ಬಯಲು ಬೇಕು, ಗಾಳಿ ಬೇಕು. ಮಂಜು ಕವಿದು ಗಾಳಿ ನಿಂತ ದಿನ ಮೇಷ್ಟ್ರು ಬೀಕರ್ ಮುಟ್ಟಲು ಬಿಡುವುದಿಲ್ಲ.

ನೀರಿನ ವಿಷಯದಲ್ಲಿ ಕೊಡಗಿನವರಿಗೆ ಒಂದು ಅನುಕೂಲ ಇದೆ. ಬೋರ್‌ವೆಲ್ ನೀರಲ್ಲಿ ಉಪ್ಪಿನಂಶ ಇರುತ್ತದೆ, ಅದರಲ್ಲಿರುವ ಕ್ಲೋರೈಡ್ ಬೆಳ್ಳಿಯನ್ನು ಹಿಡಿದುಕೊಂಡು ಬಿಳಿಯಾಗಿ ಕೂರುತ್ತದೆ. ಮೇಷ್ಟ್ರು ತೋರಿಸಿದ ಪರೀಕ್ಷೆ ಇದು: ಒಂದು ಗ್ಲಾಸ್ ಬೋರ್ ನೀರಿಗೆ ಒಂದು ಹನಿ ಬೆಳ್ಳಿ ದ್ರಾವಣ ಬಿಟ್ಟರೆ ಹಾಲಿನ ಹನಿ ಬಿದ್ದ ಹಾಗೆ ಮಸುಕಾಗುತ್ತದೆ. ಜುಲೈ ತಿಂಗಳಲ್ಲಿ ಅಂಗಳದ ನಡುವೆ ಪಾತ್ರೆ ಇಟ್ಟು ಹಿಡಿದ ಮಳೆ ನೀರಿಗೆ ಅದೇ ಹನಿ ಬಿಟ್ಟರೆ ಏನೂ ಆಗುವುದಿಲ್ಲ. ಪೇಟೆಯವರು ಡಿಸ್ಟಿಲ್ಡ್ ವಾಟರ್ ಕ್ಯಾನ್ ಕೊಳ್ಳುತ್ತಾರೆ. ನಾನು ಮಳೆಗಾಲದ ನೀರನ್ನೇ ಕ್ಯಾನಿನಲ್ಲಿ ತುಂಬಿಸಿ ಇಟ್ಟುಕೊಳ್ಳುತ್ತೇನೆ. ಶುರುವಿನ ಮಳೆಯದ್ದು ಬೇಡ, ಅದರಲ್ಲಿ ಧೂಳು ಜಾಸ್ತಿ.

ಬೆಳ್ಳಿ ಕರಗಿದ ಆ ದ್ರಾವಣ, ಸಿಲ್ವರ್ ನೈಟ್ರೇಟ್, ಕೈಗೆ ತಾಗಿದರೆ ಆಗ ಏನೂ ಕಾಣುವುದಿಲ್ಲ. ಬಿಸಿಲಿಗೆ ಹೋದ ಮೇಲೆ ಕಪ್ಪಾಗುತ್ತದೆ. ಸೋಪು, ನಿಂಬೆಹುಳಿ, ಕಲ್ಲು ಯಾವುದಕ್ಕೂ ಬಗ್ಗುವುದಿಲ್ಲ, ಚರ್ಮವೇ ಸವೆದು ಹೋಗಬೇಕು. ವೋಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿಯಲ್ಲಿರುವುದೂ ಇದೇ ಸಿಲ್ವರ್ ನೈಟ್ರೇಟ್. 1962ರ ಚುನಾವಣೆಯಿಂದ ಅದನ್ನು ಮಾಡಿಕೊಡುತ್ತಿರುವುದು ನಮ್ಮ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಶ್ ಕಾರ್ಖಾನೆ. ಗ್ಲೌಸ್ ಹಾಕಿಕೊಂಡೇ ಕೆಲಸ ಮಾಡಿ ಅನ್ನಲು ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಕರಗದೆ ಉಳಿದದ್ದನ್ನು ಸೋಸಬೇಕು. ಎಂಸಿಬಿ ಪಾಯಿಂಟಾದರೆ ತಳದಲ್ಲಿ ಕಪ್ಪು ಗ್ರಾಫೈಟ್ ಪುಡಿ ಉಳಿಯುತ್ತದೆ. ಟಿನ್ ಆಕ್ಸೈಡಿನದ್ದಾದರೆ ಬಿಳಿ ಕೆಸರು. ಅದು ಇಳಿಯಲು ಇಡೀ ರಾತ್ರಿ ಬೇಕು. ಕ್ಯಾಡ್ಮಿಯಂ ಮಾತ್ರ ಹಿಂದೆ ಉಳಿಯುವುದಿಲ್ಲ, ಬೆಳ್ಳಿಯ ಜೊತೆಗೇ ಕರಗಿ ದ್ರಾವಣಕ್ಕೆ ಸೇರಿಕೊಳ್ಳುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೇನೆ.

ಈಗ ನನಗೆ ಇಷ್ಟದ ಭಾಗ. ಸೋಸಿದ ತಿಳಿ ದ್ರಾವಣಕ್ಕೆ ಒಂದು ತಾಮ್ರದ ಪಟ್ಟಿ ನೇತು ಹಾಕುತ್ತೇನೆ. ವೈಂಡಿಂಗ್ ತಂತಿ ನನ್ನ ಬಳಿ ಬೇಕಾದಷ್ಟು ಇದೆ, ಆದರೆ ಅದಕ್ಕೆ ಎನಾಮೆಲ್ ಇರುತ್ತದೆ, ತೆಳುವಾದದ್ದು ತುಂಡು ತುಂಡಾಗಿ ಬೆಳ್ಳಿಗೆ ಬೆರೆತುಹೋಗುತ್ತದೆ. ಅರ್ತಿಂಗ್‌ಗೆ ಹಾಕುವ ದಪ್ಪ ಪಟ್ಟಿಯೇ ಸರಿ. ಮುಳುಗಿಸಿದ ಕ್ಷಣವೇ ತಾಮ್ರ ಬೂದು ಬಣ್ಣಕ್ಕೆ ತಿರುಗುತ್ತದೆ. ಅಂಚಿನಿಂದ ಸೂಜಿಯಂತಹ ಎಳೆಗಳು ಹೊರಡುತ್ತವೆ, ಅವುಗಳಿಂದ ಕವಲು, ಕವಲಿಗೆ ಕವಲು. ಪಟ್ಟಿಯನ್ನು ಮೆಲ್ಲಗೆ ಅಲ್ಲಾಡಿಸಿದರೆ ಆ ಪೊದೆ ಅಷ್ಟೂ ಕಳಚಿ ತಳಕ್ಕೆ ಇಳಿಯುತ್ತದೆ, ತಾಮ್ರದ ಮೇಲೆ ಹೊಸದು ಶುರುವಾಗುತ್ತದೆ. ಬೆಳ್ಳಿ ಹೊರಗೆ ಬಂದಷ್ಟೂ ತಾಮ್ರ ಒಳಗೆ ಹೋಗುತ್ತದೆ, ನೀರು ತಿಳಿ ನೀಲಿಯಿಂದ ಕಡು ನೀಲಿಗೆ ತಿರುಗುತ್ತಾ ಹೋಗುತ್ತದೆ. ಒಂದು ಗ್ರಾಂ ತಾಮ್ರ ಹೋದರೆ ಮೂರು ಗ್ರಾಂ ಮೇಲೆ ಬೆಳ್ಳಿ ಬೀಳುತ್ತದೆ. ಮೇಷ್ಟ್ರು ಎಷ್ಟು ಸಲ ನೋಡಿದ್ದಾರೋ, ಆದರೂ ಈ ಹೊತ್ತಿಗೆ ಕುರ್ಚಿಯಿಂದ ಎದ್ದು ಬಂದು ಬಗ್ಗಿ ನಿಲ್ಲುತ್ತಾರೆ.

ಎಲ್ಲ ಬಿತ್ತಾ ಅಂತ ನೋಡಲು ಮೇಲಿನ ನೀರಿನ ಒಂದು ಹನಿಗೆ ಒಂದು ಚಿಟಿಕೆ ಉಪ್ಪು. ಬಿಳಿ ಮೋಡ ಕಟ್ಟದಿದ್ದರೆ ಮುಗಿದಿದೆ. ಆಮೇಲೆ ತಳದ ಬೂದು ಪುಡಿಯನ್ನು ಬಿಸಿ ಮಳೆ ನೀರಲ್ಲಿ ತೊಳೆಯುವುದು, ನೀಲಿ ಬಣ್ಣ ಪೂರ್ತಿ ಹೋಗುವವರೆಗೆ. ತಾಮ್ರ ಉಳಿದಿದೆಯಾ ಅಂತ ನೋಡಲು ಅಮೋನಿಯಾ ಹಾಕುವವರಿದ್ದಾರೆ. ನಾನು ಬೆಳ್ಳಿ ಇರುವ ಯಾವ ಪಾತ್ರೆಯ ಹತ್ತಿರವೂ ಅಮೋನಿಯಾ ತರುವುದಿಲ್ಲ. ಬೆಳ್ಳಿ ದ್ರಾವಣಕ್ಕೆ ಅಮೋನಿಯಾ ಸೇರಿಸಿ ಹಾಗೇ ಇಟ್ಟರೆ ಕಪ್ಪು ಪುಡಿ ಕಟ್ಟುತ್ತದೆ, ಗಾಜಿನ ಕಡ್ಡಿ ತಾಗಿದರೂ ಸಿಡಿಯುತ್ತದೆ. ಲ್ಯಾಬಿನಲ್ಲಿ ಇದಕ್ಕೆಂದೇ ಮಕ್ಕಳನ್ನು ಗದರಿಸುತ್ತಿದ್ದೆ ಅನ್ನುತ್ತಾರೆ ಮೇಷ್ಟ್ರು.

ಪುಡಿಯನ್ನು ಗಟ್ಟಿ ಮಾಡುವುದು ನನ್ನ ಕೆಲಸ ಅಲ್ಲ. ವಿರಾಜಪೇಟೆಯಲ್ಲಿ ಹಳೇ ಅಕ್ಕಸಾಲಿಗರೊಬ್ಬರಿದ್ದಾರೆ. ಮೂಸೆಗೆ ಬಿಳಿಗಾರ ಸವರಿ, ಅದು ಗಾಜಿನ ಹಾಗೆ ಹೊಳೆಯುವವರೆಗೆ ಕಾಯಿಸಿ, ಆಮೇಲೆ ಪುಡಿ ಹಾಕುತ್ತಾರೆ. ಕರಗಿದ ಬೆಳ್ಳಿ ಮೂಸೆಯಲ್ಲಿ ಓಡಾಡುವುದನ್ನು ನೋಡಬೇಕು. ಸುತ್ತಲಿನ ಬಿಳಿಗಾರ ಹಸಿರು ಛಾಯೆಗೆ ತಿರುಗಿದರೆ "ತಾಮ್ರ ಉಳಿಸಿಕೊಂಡು ಬಂದಿದ್ದೀಯ" ಅಂತ ನನ್ನ ಮುಖ ನೋಡುತ್ತಾರೆ. ಮೇಲೆ ಚೂರು ಇದ್ದಿಲ ಪುಡಿ ಉದುರಿಸುತ್ತಾರೆ. ಕರಗಿದ ಬೆಳ್ಳಿ ತನ್ನ ಗಾತ್ರದ 20 ಪಟ್ಟಿನಷ್ಟು ಆಮ್ಲಜನಕವನ್ನು ಗಾಳಿಯಿಂದ ಹೀರಿಕೊಂಡು ಕೂತಿರುತ್ತದೆ. ಗಟ್ಟಿಯಾಗುವಾಗ ಅಷ್ಟನ್ನೂ ಒಮ್ಮೆಗೇ ಉಗುಳುತ್ತದೆ. ಮೇಲ್ಮೈ ಒಡೆದು ಸಣ್ಣ ಸಣ್ಣ ಕೊಂಬು ಏಳುತ್ತದೆ, ಹನಿ ಸಿಡಿಯುತ್ತದೆ. ಇದ್ದಿಲು ಆ ಗಾಳಿಯನ್ನು ತಿಂದುಬಿಡುತ್ತದೆ. ಅವರು ಇದನ್ನು ಯಾವ ಪುಸ್ತಕದಲ್ಲೂ ಓದಿಲ್ಲ. ಉಗುಳುವುದೇ ಚೊಕ್ಕ ಬೆಳ್ಳಿಯ ಗುರುತು, ಬೆರಕೆ ಜಾಸ್ತಿ ಇದ್ದರೆ ಅದಕ್ಕೆ ಉಗುಳುವ ಯೋಗ್ಯತೆ ಇಲ್ಲ ಅನ್ನುತ್ತಾರೆ.

ಹೋದ ಸಲ ಸುಮಾರು 120 ಗ್ರಾಂ ಪಾಯಿಂಟ್ ಹಾಕಿದ್ದಕ್ಕೆ 98 ಗ್ರಾಂ ಗಟ್ಟಿ ಬಂತು. ಅದರಲ್ಲಿ ಸ್ವಲ್ಪ ಭಾಗ ನಮ್ಮ ಹತ್ತಿರದ ತೋಟದವರ ಪೀಚೆಕತ್ತಿಯ, ಅಂದರೆ ಕೊಡವರು ಸೊಂಟಕ್ಕೆ ಸಿಕ್ಕಿಸುವ ಕತ್ತಿಯ, ಸರಪಳಿಗೆ ಹೋಯಿತು. ಕೊಂಡಿಗಳು ಸವೆದು ಎರಡು ಕಡೆ ಬಿಟ್ಟುಕೊಂಡಿತ್ತು, ಕೈಲ್‌ಪೊಳ್ದ್ ಅನ್ನುವ ಆಯುಧ ಪೂಜೆಯ ಹಬ್ಬದ ಮೊದಲು ಸರಿ ಮಾಡಿಸಬೇಕಿತ್ತು. ನನ್ನ ಡಬ್ಬಕ್ಕೆ ಅತಿ ಹೆಚ್ಚು ಸುಟ್ಟ ಪಾಯಿಂಟ್ ದಾನ ಮಾಡಿದವರು ಅವರೇ. ಅವರ ಹೊಳೆ ಪಂಪಿಗೆ ಸರಿಯಾದ ವೋಲ್ಟೇಜ್ ಸಿಕ್ಕಿದ್ದು ನಾನು ನೋಡಿಯೇ ಇಲ್ಲ. ಚೊಕ್ಕ ಬೆಳ್ಳಿ ಮೆತ್ತಗೆ, ಸರಪಳಿಗೆ ನಿಲ್ಲುವುದಿಲ್ಲ. ಅಕ್ಕಸಾಲಿಗರು ನೂರಕ್ಕೆ ಏಳೂವರೆ ಪಾಲು ತಾಮ್ರ ಸೇರಿಸಿ ತಂತಿ ಎಳೆದರು. ನಾನು ಕಷ್ಟಪಟ್ಟು ತೆಗೆದ ತಾಮ್ರವನ್ನೇ ವಾಪಸ್ ಹಾಕಿದರಲ್ಲ ಅಂತ ಮೇಷ್ಟ್ರಿಗೆ ನಗು.

ವಿಡಿಯೋ ಮಾಡುವವರೆಲ್ಲ ಇಲ್ಲಿಗೆ ಮುಗಿಸುತ್ತಾರೆ. ಕೈಯಲ್ಲಿ ಹೊಳೆಯುವ ಗಟ್ಟಿ, ಹಿಂದೆ ಹಾಡು. ಆ ನೀಲಿ ನೀರು ಎಲ್ಲಿಗೆ ಹೋಯಿತು ಅಂತ ಒಬ್ಬರೂ ತೋರಿಸುವುದಿಲ್ಲ. ನನ್ನ ಲೆಕ್ಕದಲ್ಲಿ ಬೆಳ್ಳಿ ತೆಗೆಯುವುದು ಅರ್ಧ ದಿನದ ಕೆಲಸ, ಉಳಿದ ನೀರಿನದ್ದು ಇಡೀ ಬೇಸಿಗೆಯ ಕೆಲಸ.

ನಮ್ಮ ಮನೆ ಹಿಂದಿನ ತೋಡು ಕೆಳಗಿನ ಗದ್ದೆ ದಾಟಿ ಕಾವೇರಿಗೆ ಸೇರುತ್ತದೆ. ಅಲ್ಲಿಂದ ಕುಶಾಲನಗರ, ಕೆಆರ್‌ಎಸ್, ಆಮೇಲೆ ಬೆಂಗಳೂರಿನ ನಲ್ಲಿ. ಕೊಡಗಿನಲ್ಲಿ ಒಂದು ಬಕೆಟ್ ಏನನ್ನಾದರೂ ಚೆಲ್ಲಿದರೆ ಅದು ಯಾವುದಾದರೂ ಹೊಳೆಗೆ ಹೋಗಲೇಬೇಕು, ಬೇರೆ ದಾರಿ ಇಲ್ಲ. ಆ ನೀಲಿ ನೀರಲ್ಲಿ ತಾಮ್ರ ಇದೆ. ತಾಮ್ರಕ್ಕೆ ಮೀನು, ಕಪ್ಪೆ ತಡೆಯುವುದಿಲ್ಲ. ಜೊತೆಗೆ ಕ್ಯಾಡ್ಮಿಯಂ ಇದೆ. ತಾಮ್ರದ ಪಟ್ಟಿ ಬೆಳ್ಳಿಯನ್ನು ಮಾತ್ರ ಹೊರಗೆ ಹಾಕುತ್ತದೆ, ಕ್ಯಾಡ್ಮಿಯಂ ನೀರಲ್ಲೇ ಉಳಿಯುತ್ತದೆ.

ಮೇಷ್ಟ್ರು ನನಗೆ ಮೊದಲು ಹೇಳಿದ್ದು ಬೆಳ್ಳಿಯ ಪಾಠ ಅಲ್ಲ, ಜಪಾನಿನ ತೊಯಾಮಾದ ಕಥೆ. ಅಲ್ಲಿ ಜಿನ್ಜು ಅಂತ ಒಂದು ನದಿ. ಮೇಲೆ ಬೆಟ್ಟದಲ್ಲಿ ಕಮಿಯೋಕಾ ಗಣಿ, ಬೆಳ್ಳಿ, ಸೀಸ, ಸತು ತೆಗೆಯುತ್ತಿದ್ದರು. ಗಣಿಯ ತ್ಯಾಜ್ಯದಲ್ಲಿದ್ದ ಕ್ಯಾಡ್ಮಿಯಂ ನದಿಗೆ ಬಂತು. ನದಿಯಿಂದ ಭತ್ತದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ. ವರ್ಷಗಟ್ಟಲೆ ಆ ಅನ್ನ ಉಂಡವರ, ಅದರಲ್ಲೂ ಹೆಂಗಸರ, ಮೂತ್ರಪಿಂಡ ಕೆಟ್ಟು ಮೂಳೆ ಮೆತ್ತಗಾಗಿ ಕೆಮ್ಮಿದರೂ ಮುರಿಯುವ ಹಾಗಾಯಿತು. ಇತಾಯಿ ಇತಾಯಿ ರೋಗ ಅಂತ ಹೆಸರು. ಅದಕ್ಕೆ ಕಾರಣ ಕ್ಯಾಡ್ಮಿಯಂ ಅಂತ ಅಲ್ಲಿನ ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ. ಬೆಟ್ಟ, ಹೊಳೆ, ಗದ್ದೆ. ನಮ್ಮ ಊರಿನ ಚಿತ್ರವೇ ಅಲ್ವಾ?

ಕೆಳಗಿನ ಮನೆಯವರು ಒಮ್ಮೆ ಆ ನೀಲಿ ನೀರಿನ ಡ್ರಮ್ ನೋಡಿ, "ಇದು ಮೈಲುತುತ್ತ ಕರಗಿಸಿದ ಹಾಗೇ ಇದೆಯಲ್ಲ, ನನಗೆ ಕೊಡು, ಸುಣ್ಣ ಹಾಕಿ ಮೆಣಸಿನ ಬಳ್ಳಿಗೆ ಹೊಡೆಯುತ್ತೇನೆ" ಅಂದರು. ಮೈಲುತುತ್ತ ಅಂದರೆ ತಾಮ್ರದ ಉಪ್ಪು. ಅದಕ್ಕೆ ಸುಣ್ಣ ಸೇರಿಸಿದ ಬೋರ್ಡೋ ಔಷಧಿ ಹೊಡೆಯುವವರಿಗೆ ಹಾಗೆ ಅನಿಸುವುದು ಸಹಜ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಎಲ್ಲರ ಕೈಗೂ ಬಾಯಿಗೂ ಬರುವ ಲೆಕ್ಕ. ಬಣ್ಣವೂ ಒಂದೇ. ಆದರೆ ಮೈಲುತುತ್ತದಲ್ಲಿ ಕ್ಯಾಡ್ಮಿಯಂ ಬೆರೆಸಿ ಯಾರೂ ಮಾರುವುದಿಲ್ಲ. ಬಳ್ಳಿಯ ಬುಡಕ್ಕೆ ಬಿದ್ದ ಕ್ಯಾಡ್ಮಿಯಂ ಮಣ್ಣಿನಿಂದ ಎದ್ದು ಹೋಗುವುದಿಲ್ಲ. ಕೊಡುವುದಿಲ್ಲ ಅಂದೆ. ಸ್ವಲ್ಪ ದಿನ ಮಾತು ಕಡಿಮೆಯಾಯಿತು, ಪರವಾಗಿಲ್ಲ.

ನಾನು ಮಾಡುವುದು ಹೀಗೆ. ನೀಲಿ ನೀರಿಗೆ ಹಳೇ ಕಬ್ಬಿಣದ ಚೂರು ಹಾಕುತ್ತೇನೆ, ಸತು ಲೇಪ ಇಲ್ಲದ್ದು. ಬೆಳ್ಳಿಗೆ ತಾಮ್ರ ಮಾಡಿದ ಕೆಲಸವನ್ನೇ ಈಗ ತಾಮ್ರಕ್ಕೆ ಕಬ್ಬಿಣ ಮಾಡುತ್ತದೆ. ಕೆಂಪು ತಾಮ್ರದ ಪುಡಿ ತಳ ಸೇರುತ್ತದೆ, ನೀಲಿ ಮಾಯವಾಗಿ ನೀರು ಹಸಿರು ಕಂದು ಆಗುತ್ತದೆ. ತಾಮ್ರ ಸೋಸಿ ತೆಗೆದ ಮೇಲೆ ಸುಣ್ಣದ ತಿಳಿ, ಸ್ವಲ್ಪ ಸ್ವಲ್ಪವೇ, ಪಿಎಚ್ ಪೇಪರ್ 11ರ ಹತ್ತಿರ ಬಣ್ಣ ತೋರಿಸುವವರೆಗೆ. ಕಬ್ಬಿಣ, ನಿಕ್ಕಲ್, ಕ್ಯಾಡ್ಮಿಯಂ ಎಲ್ಲ ಕಂದು ಕೆಸರಾಗಿ ಇಳಿಯುತ್ತದೆ. ಎರಡು ಮೂರು ದಿನ ಅಲ್ಲಾಡಿಸದೆ ಬಿಡಬೇಕು. ಮೇಲಿನ ತಿಳಿ ನೀರನ್ನೂ ಚೆಲ್ಲುವುದಿಲ್ಲ. ಅಗಲದ ಟ್ರೇಯಲ್ಲಿ ಹಾಕಿ, ನಾಯಿ ಬೆಕ್ಕು ಬಾಯಿ ಹಾಕದ ಹಾಗೆ ಬಲೆ ಮುಚ್ಚಿ, ಶೆಡ್ಡಿನ ಮಾಡಿನ ಮೇಲೆ ಬಿಸಿಲಿಗೆ ಇಡುತ್ತೇನೆ. ಮಧ್ಯಾಹ್ನ ಮೋಡ ಕಂಡರೆ ಓಡಿ ಹೋಗಿ ಟಾರ್ಪಲ್ ಎಳೆಯಬೇಕು. ಏಪ್ರಿಲ್, ಮೇನಲ್ಲಿ ಮುಗಿಸದಿದ್ದರೆ ಜೂನ್ ಮಳೆಗೆ ಒಂದು ಹನಿಯೂ ಒಣಗುವುದಿಲ್ಲ. ಕೆಸರು, ಒಣಗಿ ಉಳಿದ ಉಪ್ಪು, ಫಿಲ್ಟರ್ ಪೇಪರ್, ಹರಿದ ಗ್ಲೌಸ್, ಎಲ್ಲ ಒಂದೇ ಪ್ಲಾಸ್ಟಿಕ್ ಡ್ರಮ್ಮಿಗೆ. ಮುಚ್ಚಳದ ಮೇಲೆ ಕ್ಯಾಡ್ಮಿಯಂ ಅಂತ ಕನ್ನಡದಲ್ಲಿ ದಪ್ಪಕ್ಕೆ ಬರೆದಿದ್ದೇನೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಘಟಕದವರು ಮಾತ್ರ ಅದನ್ನು ತೆಗೆದುಕೊಳ್ಳಬಹುದು. ತಗೊಳ್ಳಲು ಅವರು ದುಡ್ಡು ಕೇಳುತ್ತಾರೆ. ನ್ಯಾಯವೇ.

ಹಾಗಾದರೆ ಲಾಭ ಇದೆಯಾ? 2025ರಲ್ಲಿ ಬೆಳ್ಳಿ ಕಿಲೋಗೆ ಒಂದು ಲಕ್ಷ ದಾಟಿ ಓಡಲು ಶುರು ಮಾಡಿದ ಮೇಲೆ ಈ ಪ್ರಶ್ನೆ ಜಾಸ್ತಿ ಬರುತ್ತಿದೆ. ಗುಜರಿಯವರು ಪಾಯಿಂಟನ್ನು ತಾಮ್ರದ ರೇಟಿಗೇ ತೂಗುತ್ತಾರೆ, ಹಾಗೆ ನೋಡಿದರೆ ಲಾಭವೇ. ಆಸಿಡ್, ಬೀಕರ್, ಅಕ್ಕಸಾಲಿಗರ ಕೂಲಿ, ಡ್ರಮ್ ಸಾಗಿಸುವ ಖರ್ಚು, ಉಳಿ ಹಿಡಿದು ಕೂತ ಸಂಜೆಗಳು ಎಲ್ಲ ಸೇರಿಸಿದರೆ ಎರಡು ಮೋಟಾರ್ ವೈಂಡಿಂಗ್ ಮಾಡಿದ ದುಡ್ಡೂ ಉಳಿಯುವುದಿಲ್ಲ. ದುಡ್ಡೇ ಬೇಕಿದ್ದರೆ ಪಾಯಿಂಟನ್ನು ಹಾಗೇ ಕೂಡಿಟ್ಟು ಲೈಸೆನ್ಸ್ ಇರುವ ರಿಫೈನರಿಗೆ ತೂಕಕ್ಕೆ ಕೊಡುವುದು ಜಾಣತನ. ಕೇಳಿದವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ. ನನಗೆ ಆ ತಾಮ್ರದ ಪಟ್ಟಿಯ ಮೇಲೆ ಬೆಳ್ಳಿ ಹುಟ್ಟುವುದನ್ನು ನೋಡಬೇಕು, ಅಷ್ಟೇ.

ಈ ಮಳೆಗಾಲದ ಬಾಟಲಿ ಅರ್ಧ ತುಂಬಿದೆ. ಹೊಸ ಸ್ಟಾರ್ಟರ್‌ಗಳೂ ಸುಡಲು ಶುರುವಾಗಿವೆ, ಹಾಗಾಗಿ ಟಿನ್ ಆಕ್ಸೈಡಿನ ಪಾಯಿಂಟ್ ಜಾಸ್ತಿ. ಕ್ಯಾಡ್ಮಿಯಂ ಕಡಿಮೆಯಾದಷ್ಟೂ ನನಗೆ ಸಮಾಧಾನ. ಮೇಷ್ಟ್ರು ಮಾತ್ರ ಈಗಲೇ ಗೊಣಗುತ್ತಿದ್ದಾರೆ, ಆ ಬಿಳಿ ಕೆಸರು ಸೋಸಲು ಫಿಲ್ಟರ್ ಪೇಪರ್ ಎರಡು ಪ್ಯಾಕೆಟ್ ಜಾಸ್ತಿ ತರಿಸು ಅಂತ.